ಒಂದೇ ದಿನದಲ್ಲಿ ಬಳ್ಳಿಗಾವಿ, ತಾಳಗುಂದ: ಗೈಡ್ ಇಟ್ಟುಕೊಳ್ಳುವುದಾದರೆ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಏಜೆಂಟ್ ಕಳಿಸಿದ ಪಟ್ಟಿಯನ್ನೂ ನೋಡಿದೆ. ಬೆಳಗ್ಗೆ ಆರಕ್ಕೆ ಶಿವಮೊಗ್ಗ ಬಿಡೋದು, ಇಕ್ಕೇರಿ, ಕೆಳದಿ, ಜೋಗ, ಬನವಾಸಿ, ತಾಳಗುಂದ, ಬಳ್ಳಿಗಾವಿ, ಬಂದಳಿಕೆ ಎಲ್ಲಾ ಮುಗಿಸಿ ರಾತ್ರಿ ವಾಪಸ್. ನಿಮಗೇ ಅಂತ ಒಂದು ಕಾರು, ಜೊತೆಗೊಬ್ಬ ಗೈಡ್. ನೀವು ಐದು ಜನ, ಅದರಲ್ಲಿ ಮಂಡಿ ನೋವಿರುವ ನಿಮ್ಮ ಮಾವ, ಐದನೇ ಕ್ಲಾಸಿನ ಮಗ. ‘ಇದು ಆಗುತ್ತಾ? ಗೈಡ್‌ಗೆ ಕೊಡೋ ದುಡ್ಡು ದಂಡ ಅಲ್ವಾ?’ ಅಂತ ಕೇಳಿದ್ದೀರಿ.

ಮೊದಲನೆಯದು ಆಗಲ್ಲ. ಸುಮ್ನೆ ಲೆಕ್ಕ ಹಾಕಿ. ಆ ಸುತ್ತು 300 ಕಿ.ಮೀ. ದಾಟುತ್ತದೆ. ನಮ್ಮ ಕಡೆಯ ರಸ್ತೆಯಲ್ಲಿ ಗಂಟೆಗೆ ನಲವತ್ತು ಹೋದರೆ ದೊಡ್ಡದು. ಅಲ್ಲಿಗೆ ಕಾರಿನಲ್ಲೇ ಏಳೆಂಟು ಗಂಟೆ ಹೋಯಿತು. ತಿಂಡಿ, ಊಟ, ಕಾಫಿ ಕಳೆದರೆ ಒಂದೊಂದು ಜಾಗಕ್ಕೆ ಉಳಿಯೋದು ಅರ್ಧ ಗಂಟೆ. ಅಷ್ಟರಲ್ಲಿ ಚಪ್ಪಲಿ ಬಿಟ್ಟು, ಫೋಟೋ ತೆಗೆಸಿಕೊಂಡು, ಮತ್ತೆ ಚಪ್ಪಲಿ ಹಾಕಿಕೊಳ್ಳಬಹುದು.

ಎರಡನೆಯದಕ್ಕೆ ನನ್ನ ಉತ್ತರ ಬೇರೆ. ಇಂಥ ಓಟಕ್ಕೆ ಗೈಡ್ ಖಂಡಿತ ದಂಡ. ಆದರೆ ಒಂದೆರಡು ಜಾಗ ಮಾತ್ರ ಇಟ್ಟುಕೊಂಡರೆ ಅದೇ ಗೈಡ್‌ಗೆ ಕೊಟ್ಟ ದುಡ್ಡು ಪೂರ್ತಿ ವಸೂಲಾಗುತ್ತದೆ. ಟೂರಿಸ್ಟ್ ಬಸ್ಸಿನಲ್ಲಿ ಹೋದರೆ ಹಾರ್ನ್ ಹೊಡೆದಾಗ ಎದ್ದು ಬರಬೇಕು. ಸ್ವಂತ ಕಾರು, ಸ್ವಂತ ಗೈಡ್ ಅಂದರೆ ಒಂದು ಕಲ್ಲಿನ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ನೀವು ದುಡ್ಡು ಕೊಡೋದು ಅದಕ್ಕೆ. ಅದನ್ನೇ ಬಿಟ್ಟು ಏಳು ಊರು ಸುತ್ತೋದು ಯಾಕೆ?

ಹಾಗಾಗಿ ಜೋಗ ತೆಗೆಯಿರಿ. ಅದಕ್ಕೆ ಗೈಡ್ ಬೇಡ, ಕಣ್ಣಿದ್ದರೆ ಸಾಕು. ಇಕ್ಕೇರಿ, ಕೆಳದಿ ಸಾಗರದ ಪಕ್ಕದಲ್ಲೇ ಇವೆ, ಕಾಲವೂ ಬೇರೆ. ಕೆಳದಿ ನಾಯಕರ ಕಥೆಗೇ ಇನ್ನೊಂದು ದಿನ ಇಡಿ, ಬೇಕಾದರೆ ಜೋಗವನ್ನು ಆ ದಿನಕ್ಕೆ ಸೇರಿಸಿ. ಬನವಾಸಿ ಪಕ್ಕದ ಜಿಲ್ಲೆ, ಶಿರಸಿ ಕಡೆ ಹೋದಾಗ ನೋಡಿ. ಈ ಸಲಕ್ಕೆ ತಾಳಗುಂದ ಮತ್ತು ಬಳ್ಳಿಗಾವಿ. ಎರಡೂ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಹತ್ತಿರ, ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. ಹೊತ್ತು ಉಳಿದರೆ, ಮಾವನವರಿಗೆ ಸುಸ್ತಾಗದಿದ್ದರೆ, ಬಂದಳಿಕೆ.

ತಾಳಗುಂದಕ್ಕೆ ಮೊದಲು ಹೋಗಿ, ಬಿಸಿಲು ಇನ್ನೂ ಓರೆಯಾಗಿ ಬೀಳುವಾಗಲೇ. ಶಾಸನ ನೋಡುವವರಿಗೆಲ್ಲಾ ಇದು ಗೊತ್ತು. ನೆತ್ತಿ ಮೇಲೆ ಸೂರ್ಯ ಬಂದರೆ ಅಕ್ಷರ ಮಾಯ. ಬೆಳಗ್ಗೆ, ಸಂಜೆ ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ಗೆರೆಗೂ ಒಂದು ನೆರಳು ಸಿಗುತ್ತದೆ, ಆಗ ಎದ್ದು ಕಾಣುತ್ತದೆ. ಅಲ್ಲಿನ ಪ್ರಣವೇಶ್ವರ ದೇವಸ್ಥಾನ ನೋಡಲು ಸಣ್ಣದು. ಏಜೆಂಟರ ಪಟ್ಟಿಯಲ್ಲಿ ಅದಕ್ಕೆ ಹತ್ತು ನಿಮಿಷ ಬರೆದಿರುತ್ತಾರೆ. ಆದರೆ ಮುಂದೆ ನಿಂತಿರುವ ಎಂಟು ಮುಖದ ಕಂಬದ ಹತ್ತಿರ ಹೋಗಿ ನೋಡಿ. ಸಾಲುಗಳು ಅಡ್ಡಕ್ಕಿಲ್ಲ. ಕೆಳಗಿಂದ ಶುರುವಾಗಿ ಕಂಬದುದ್ದಕ್ಕೂ ಮೇಲಕ್ಕೆ ಹತ್ತುತ್ತವೆ. ಓದಬೇಕಾದರೆ ಕತ್ತನ್ನು ಭುಜಕ್ಕೆ ವಾಲಿಸಬೇಕು. ನಿಮ್ಮ ಮಗನಿಗೆ ಇದೊಂದು ಆಟವಾದೀತು.

ಕದಂಬರ ಕಥೆ ಇರುವುದು ಆ ಕಂಬದಲ್ಲೇ. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿದ್ದು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದಿದ್ದು. ಬರೆದ ಕವಿ ಕುಬ್ಜ. ಕಾಲ ಐದನೇ ಶತಮಾನ, ಶಾಂತಿವರ್ಮನ ಆಳ್ವಿಕೆ. ಶಾಲೆಯಲ್ಲಿ ಮಯೂರವರ್ಮ ಅಂತ ಓದಿ ಮರೆತ ಪಾಠದ ಮೂಲ ಕಣ್ಣೆದುರೇ ನಿಂತಿರುತ್ತದೆ. ಅದನ್ನು ಸಾಲಿನ ಮೇಲೆ ಬೆರಳು ತೋರಿಸಿ ಹೇಳುವವರು ಬೇಕು. ಅದಕ್ಕೇ ಗೈಡ್.

ಈ ಕಂಬದಿಂದಲೇ ಗೈಡ್‌ನ ಪರೀಕ್ಷೆಯನ್ನೂ ಮಾಡಬಹುದು. ಬುಕ್ ಮಾಡುವ ಮುಂಚೆ ಫೋನಿನಲ್ಲಿ ಒಂದು ಮಾತು ಕೇಳಿ: ‘ಆ ಕಂಬದ ಶಾಸನ ಯಾವ ಭಾಷೆಯಲ್ಲಿದೆ?’ ಹಳೆಗನ್ನಡ ಅಂದರೆ ಬೇರೆಯವರನ್ನು ಹುಡುಕಿ. ಅದು ಸಂಸ್ಕೃತ. ಇದರ ಜೊತೆ ಕಲಸಿಹೋಗೋದು ಇನ್ನೊಂದು, ಸಿಂಹ ಕಟಾಂಜನದ (ಸಿಂಹ ಕೆತ್ತಿದ ಕಲ್ಲಿನ ಕಟಕಟೆಯ) ಶಾಸನ. ಹತ್ತು ಹನ್ನೆರಡು ವರ್ಷದ ಹಿಂದೆ ಇದೇ ದೇವಸ್ಥಾನದ ಹತ್ತಿರ ಕೇಂದ್ರ ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕಿದ್ದು. ಅದರಲ್ಲಿ ಕನ್ನಡ ಪದಗಳಿವೆ. ಕಾಲ ಕ್ರಿ.ಶ. 370 ಅಂತ ಇಲಾಖೆಯ ಲೆಕ್ಕ, ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ಈ ಕಾಲನಿರ್ಣಯವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಒಳ್ಳೆ ಗೈಡ್ ಆದರೆ ಎರಡನ್ನೂ ಬಿಡಿಸಿ ಹೇಳಿ, ತಕರಾರು ಇರುವುದನ್ನೂ ಹೇಳುತ್ತಾರೆ.

ಕೇಳಬಹುದಾದ ಇನ್ನೊಂದು ಪ್ರಶ್ನೆ: ಬಳ್ಳಿಗಾವಿಯ ಗಂಡಭೇರುಂಡ ಕಂಬ ನಿಲ್ಲಿಸಿದವರು ಯಾರು? 1047ರಲ್ಲಿ ಚಾವುಂಡರಾಯ ಅನ್ನುವುದು ಸರಿ ಉತ್ತರ. ಆದರೆ ಅರ್ಧ ಜನ ಇವನನ್ನು ಶ್ರವಣಬೆಳಗೊಳದ ಗೊಮ್ಮಟನ ಚಾವುಂಡರಾಯ ಅಂದುಬಿಡುತ್ತಾರೆ. ಅವನು ಗಂಗರ ಕಾಲದವನು, ಹತ್ತನೇ ಶತಮಾನ. ಇವನು ಚಾಲುಕ್ಯರ ಮಹಾಮಂಡಲೇಶ್ವರ, ಅಂದರೆ ದೊಡ್ಡ ಸಾಮಂತ. ‘ಎಲ್ಲಾ ಜಕಣಾಚಾರಿ ಕೆತ್ತಿದ್ದು’, ‘ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದು’ ಅಂತ ಶುರು ಮಾಡಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಒಮ್ಮೆ ನೆಂಟರ ಜೊತೆ ಹೋದಾಗ ಡ್ರೈವರೇ ಗೈಡ್ ಆಗಿದ್ದರು. ಪಾಪ, ಒಳ್ಳೆ ಮನುಷ್ಯ, ಗಾಡಿ ಓಡಿಸೋದರಲ್ಲಿ ಎತ್ತಿದ ಕೈ. ಆದರೆ ಸಿಕ್ಕ ಪ್ರತಿ ಕಲ್ಲಿನಡಿಯೂ ಸುರಂಗ ಇದೆ ಅನ್ನುತ್ತಿದ್ದರು.

ಗೈಡ್ ಎಲ್ಲಿ ಸಿಗುತ್ತಾರೆ? ಹಂಪಿ, ಬೇಲೂರಿನ ಹಾಗೆ ಬಾಗಿಲಲ್ಲೇ ಕಾಯುತ್ತಿರುತ್ತಾರೆ ಅಂದುಕೊಂಡು ಇಲ್ಲಿ ಬರಬೇಡಿ. ಮೊದಲೇ ಮಾತಾಡಿಕೊಂಡು ಬರಬೇಕು. ಪ್ರವಾಸೋದ್ಯಮ ಇಲಾಖೆಯ ಶಿವಮೊಗ್ಗ ಕಚೇರಿಯಲ್ಲಿ ವಿಚಾರಿಸಿ. ಅದಕ್ಕಿಂತ ನನಗೆ ನಂಬಿಕೆ ಇರೋದು ಈ ಕಡೆಯ ಕಾಲೇಜುಗಳ ಇತಿಹಾಸದ ಮೇಷ್ಟ್ರ ಮೇಲೆ, ಶಾಸನ ಓದಲು ಕಲಿತ ಅವರ ವಿದ್ಯಾರ್ಥಿಗಳ ಮೇಲೆ. ಭಾನುವಾರ ಬಿಡುವಿದ್ದರೆ ಖುಷಿಯಿಂದ ಬರುತ್ತಾರೆ. ದುಡ್ಡು ಬೇಡ ಅಂದರೂ ಕೊಡಿ, ಒಂದು ದಿನದ ದುಡಿಮೆ ಅದು.

ವ್ಯವಹಾರದ ಮಾತು ಮೊದಲೇ ಮುಗಿಸಿಕೊಳ್ಳಿ. ಗೈಡ್‌ನ ಫೀಸು ಇಡೀ ಗುಂಪಿಗಾ, ತಲೆಗಿಷ್ಟು ಅಂತಲಾ? ಕಾರಿನ ಬಾಡಿಗೆಯಲ್ಲಿ ಡ್ರೈವರ್ ಬಾಟಾ ಸೇರಿದೆಯಾ, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಅದಕ್ಕಿಂತ ಕಡಿಮೆ ಓಡಿದರೂ ಅಷ್ಟೇ ಕೊಡಬೇಕಾ? ನೀವು ಜಾಗ ಕಡಿಮೆ ಮಾಡಿದ ಮೇಲೆ ಈ ಕೊನೆಯದು ಮುಖ್ಯ. ‘ಟಿಕೆಟ್ ಎಲ್ಲಾ ಸೇರಿ’ ಅಂತ ಬರೆದಿದ್ದರೆ ಯಾವ ಜಾಗದ ಟಿಕೆಟ್ ಅಂತ ಕೇಳಿ. ಮುಂಗಡ ಸ್ವಲ್ಪ ಕೊಡಿ, ಪೂರ್ತಿ ಬೇಡ. ಮತ್ತೆ ಸೀಟು ಎಣಿಸಿ. ನೀವು ಐದು, ಡ್ರೈವರ್ ಒಂದು, ಗೈಡ್ ಒಂದು. ಏಳಾಯಿತು. ಏಜೆಂಟ್ ಬರೆದಿರೋ ಸಣ್ಣ ಕಾರಿನಲ್ಲಿ ಗೈಡ್ ಡಿಕ್ಕಿಯಲ್ಲಿ ಕೂರಬೇಕಾಗುತ್ತದೆ. ಏಳು ಸೀಟಿನ ಗಾಡಿ ಹೇಳಿ, ಇಲ್ಲವೇ ಗೈಡ್ ಶಿರಾಳಕೊಪ್ಪದಲ್ಲೇ ಬೈಕಿನಲ್ಲಿ ಬಂದು ಸೇರಿಕೊಳ್ಳಲಿ.

ತಾಳಗುಂದ ಮುಗಿಸಿ ಬಿಸಿಲೇರುವ ಹೊತ್ತಿಗೆ ಬಳ್ಳಿಗಾವಿಗೆ ಬನ್ನಿ. ಕೇದಾರೇಶ್ವರದ ಒಳಗೆ ತಂಪಾಗಿರುತ್ತದೆ. ಮೂರು ಗರ್ಭಗುಡಿ, ಎರಡರಲ್ಲಿ ಲಿಂಗ, ಒಂದರಲ್ಲಿ ಜನಾರ್ದನ. ಮಂಟಪದ ಕಂಬಗಳು ನುಣುಪು ಬಳಪದ ಕಲ್ಲಿನವು. ಟಾರ್ಚ್ ತೆಗೆದುಕೊಂಡು ಹೋಗಿ, ಕಂಬದ ಪಕ್ಕದಿಂದ ಬೆಳಕು ಬಿಡಿ. ಸುತ್ತಲೂ ತಿರುಗಿಸಿ ಕಡೆದ ಉಂಗುರದಂಥ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಮೊಬೈಲ್ ಟಾರ್ಚ್ ಸಾಕು, ಆದರೆ ಬೆಳಕು ನೇರಕ್ಕೆ ಬಿಟ್ಟರೆ ಏನೂ ಕಾಣಲ್ಲ.

ಇಲ್ಲಿ ಗೈಡ್‌ಗೆ ಒಂದು ವಿಷಯ ಹೇಳಿಸಲೇಬೇಕು. ಈ ದೇವಸ್ಥಾನಕ್ಕೆ ಸೇರಿದ್ದ ಕೋಡಿಯ ಮಠ. ಕಾಳಾಮುಖ ಅನ್ನುವ ಶೈವ ಪಂಗಡದವರದ್ದು. 1162ರ ಶಾಸನದಲ್ಲಿ ಅಲ್ಲಿ ಏನೇನು ನಡೆಯುತ್ತಿತ್ತು ಅನ್ನುವ ಉದ್ದ ಪಟ್ಟಿ ಇದೆ. ವೇದ, ವ್ಯಾಕರಣ, ತರ್ಕ ಕಲಿಸುತ್ತಿದ್ದರು. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಕುಣಿಯುವವರಿಗೆ ಊಟ ಹಾಕುತ್ತಿದ್ದರು. ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಅಂದರೆ ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಕಡೆ. ಬಳ್ಳಿಗಾವಿ ಆಗ ಬನವಾಸಿ ಹನ್ನೆರಡು ಸಾಸಿರ ನಾಡಿನ ರಾಜಧಾನಿ. ಇವತ್ತಿನ ಊರು ನೋಡಿದರೆ ನಂಬೋದು ಕಷ್ಟ. ಆ ಪಟ್ಟಿ ಕೇಳಿದ ಮೇಲೆ ಅದೇ ಅಂಗಳದಲ್ಲಿ ಒಂದು ಸುತ್ತು ಹಾಕಿ, ನೋಟವೇ ಬೇರೆಯಾಗುತ್ತದೆ. ಅಲ್ಲಮಪ್ರಭುವಿನ ಊರೂ ಇದೇ. ಅಕ್ಕಮಹಾದೇವಿಯ ಉಡುತಡಿ ಹತ್ತಿರದಲ್ಲೇ ಇದೆ, ಮನೆಯವರು ವಚನ ಪ್ರಿಯರಾದರೆ ಅದಕ್ಕೂ ಒಂದಿಷ್ಟು ಹೊತ್ತು ಇಡಿ.

ಅಂಗಳದಲ್ಲಿ ವೀರಗಲ್ಲುಗಳಿವೆ. ನಾವೆಲ್ಲಾ ರೂಢಿಯಂತೆ ಮೇಲಿಂದ ನೋಡಲು ಶುರು ಮಾಡುತ್ತೇವೆ. ಕಥೆ ಕೆಳಗಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕೆಲವದರಲ್ಲಿ ಕದ್ದೊಯ್ಯುತ್ತಿರುವ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ, ತಲೆ ಮೇಲೆ ಸೂರ್ಯ ಚಂದ್ರ. ಮಗನಿಗೆ ಮೊದಲ ಕಲ್ಲು ಗೈಡ್ ಓದಿ ತೋರಿಸಲಿ, ಎರಡನೆಯದನ್ನು ಅವನೇ ಓದಲಿ. ನಮ್ಮ ಮನೆ ಹುಡುಗರಿಗೆ ಹೀಗೇ ಹುಚ್ಚು ಹಿಡಿದಿದ್ದು. ಈಗ ತೋಟದ ದಾರಿಯಲ್ಲಿ ಒಂದು ಕಲ್ಲು ನೆಟ್ಟಗೆ ನಿಂತಿದ್ದರೂ ಬಿಡಲ್ಲ.

ಅಲ್ಲಿಂದ ತ್ರಿಪುರಾಂತಕೇಶ್ವರಕ್ಕೆ ಹೋಗಿ. ಸುಮಾರು 1070ರದ್ದು. ಜಾಲಂಧ್ರ, ಅಂದರೆ ಕಲ್ಲಿನಲ್ಲಿ ಕೊರೆದ ಜಾಲರಿ ನೋಡಿ. ಆಮೇಲೆ ಹೊರಗೋಡೆಯ ಕೆಳಗಿನ ಪಟ್ಟಿ. ಅಲ್ಲಿ ಪಂಚತಂತ್ರದ ಕಥೆಗಳಿವೆ, ಬೊಗ್ಗಿ ನೋಡದಿದ್ದರೆ ಕಾಣದಷ್ಟು ಸಣ್ಣವು. ಅದರ ಜೊತೆಗೇ ಮಿಥುನ ಶಿಲ್ಪಗಳೂ ಇವೆ. ಮಾವನವರು, ಮಗ ಇದ್ದಾರೆ ಅಂತ ಗೈಡ್‌ಗೆ ಮೊದಲೇ ಕಿವಿಮಾತು ಹೇಳಿಬಿಡಿ. ಇಲ್ಲದಿದ್ದರೆ ಕೆಲವರು ಮುಜುಗರಕ್ಕೆ ಇಡೀ ಗೋಡೆಯನ್ನೇ ದಾಟಿಸಿಕೊಂಡು ಹೋಗಿಬಿಡುತ್ತಾರೆ, ಪಂಚತಂತ್ರವೂ ತಪ್ಪಿಹೋಗುತ್ತದೆ.

ಗಂಡಭೇರುಂಡ ಕಂಬಕ್ಕೆ ಹೆಚ್ಚು ಹೊತ್ತು ಬೇಡ. ಸುಮಾರು ಮೂವತ್ತು ಅಡಿ ಎತ್ತರ. ಗಂಡಭೇರುಂಡಕ್ಕೆ ಇಲ್ಲಿ ಮನುಷ್ಯನ ಮೈ, ಎರಡು ಹಕ್ಕಿ ತಲೆ.

ಒಂದು ವಿನಂತಿ. ಅಕ್ಷರ ಕಾಣಲಿ ಅಂತ ಯಾರಾದರೂ ಸೀಮೆಸುಣ್ಣ ಬಳಿಯಲು, ಎಣ್ಣೆ ಸವರಲು ಹೋದರೆ ತಡೆಯಿರಿ, ಅದು ಗೈಡೇ ಆಗಿದ್ದರೂ. ಟಾರ್ಚ್ ಇದ್ದರೆ ಅದ್ಯಾವುದೂ ಬೇಕಾಗಲ್ಲ. ಮೊಬೈಲ್ ಫೋಟೋಗೆ ತೊಂದರೆ ಇಲ್ಲ, ಗರ್ಭಗುಡಿಯಲ್ಲಿ ಮಾತ್ರ ಅರ್ಚಕರನ್ನು ಕೇಳಿ. ಟ್ರೈಪಾಡ್, ಡ್ರೋನ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಿಮ್ಮ ಯಜಮಾನರು ಡ್ರೋನ್ ತರುತ್ತೀನಿ ಅಂದಿದ್ದಾರಂತೆ, ಮನೆಯಲ್ಲೇ ಇಡಲು ಹೇಳಿ.

ಊಟ ಶಿರಾಳಕೊಪ್ಪದಲ್ಲಿ ಮುಗಿಸಿ, ಮಾವನವರಿಗೆ ಒಂದು ಗಂಟೆ ವಿಶ್ರಾಂತಿ ಸಿಗಲಿ. ಆಮೇಲೂ ಉತ್ಸಾಹ ಇದ್ದರೆ ಬಂದಳಿಕೆ. ಅದು ನಿಜಕ್ಕೂ ಹಾಳೂರು. ಗಿಡಗಂಟಿ ನಡುವೆ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ. ಸೋಮೇಶ್ವರದ ಬಾಗಿಲ ಎರಡೂ ಪಕ್ಕದ ಎತ್ತರದ ಜಾಲಂಧ್ರದಲ್ಲಿ ರಾಮಾಯಣ, ಮಹಾಭಾರತ ಇದೆ. ಸಂಜೆ ಬೆಳಕಿನಲ್ಲಿ ನೋಡಬೇಕು. ಜಕ್ಕಿಯಬ್ಬೆಯ ಕಥೆ ಗೈಡ್‌ಗೆ ಕೇಳಿ. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೇ ಶತಮಾನದ ಶುರುವಿನಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಅನ್ನುವ ನಾಡಿನ ಆಡಳಿತ ನಡೆಸಿದ ಹೆಂಗಸು. ಕೊನೆಗೆ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ ಮಾಡಿ ದೇಹ ಬಿಟ್ಟಳು. ಅಲ್ಲಿ ಹೋಟೆಲ್ ಇಲ್ಲ. ನೀರು, ಚಕ್ಕುಲಿ ಕೋಡುಬಳೆ ಏನಾದರೂ ಕಟ್ಟಿಕೊಳ್ಳಿ. ಶೌಚಾಲಯದ ಕೆಲಸ ಊಟದ ಹೋಟೆಲಿನಲ್ಲೇ ಮುಗಿಸಿ.

ಕಾಲದ ಬಗ್ಗೆ: ನವೆಂಬರ್‌ನಿಂದ ಫೆಬ್ರವರಿ ಚೆನ್ನ. ಮಳೆಗಾಲದಲ್ಲಿ ಶಿಕಾರಿಪುರ ಕಡೆ ತೀರ್ಥಹಳ್ಳಿಯಷ್ಟು ಮಳೆ ಇಲ್ಲ, ಇಂಬಳದ ಕಾಟವೂ ಇಲ್ಲ, ಆದರೆ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಮಂಡಿ ನೋವಿನವರಿಗೆ ಅದು ಬೇಡ. ಮಾರ್ಚ್ ಆದಮೇಲೆ ಮಧ್ಯಾಹ್ನ ಬರಿಗಾಲಲ್ಲಿ ಅಂಗಳ ದಾಟೋದು ಕಷ್ಟ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಇದೇ ದಿನ ಕವಲೇದುರ್ಗದ ಕೋಟೆ ಸೇರಿಸಿ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಅದು ಇನ್ನೊಂದು ದಿಕ್ಕು, ಬೆಟ್ಟ ಹತ್ತಬೇಕು.

ಬಜೆಟ್ ಬಿಗಿ ಇದ್ದರೆ ಕಾರೇ ಬೇಡ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಬಸ್ಸು ಸಿಗುತ್ತದೆ. ಅಲ್ಲಿಂದ ಅರ್ಧ ದಿನಕ್ಕೆ ಆಟೋ ಮಾತಾಡಿ, ಉಳಿದ ದುಡ್ಡನ್ನು ಒಳ್ಳೆ ಗೈಡ್‌ಗೆ ಕೊಡಿ. ಐದು ಜನಕ್ಕೆ ಎರಡು ಆಟೋ ಬೇಕಾಗುತ್ತದೆ, ಬಂದಳಿಕೆ ಬಿಡಬೇಕಾಗುತ್ತದೆ, ಅಷ್ಟೇ. ಯಾವ ಭಾನುವಾರ ಅಂತ ಇಲ್ಲೇ ತಿಳಿಸಿ. ಶಿರಾಳಕೊಪ್ಪದ ಸಂತೆ, ಊರ ಜಾತ್ರೆ ಏನಾದರೂ ಅಡ್ಡ ಬರುತ್ತಾ ಅಂತ ವಿಚಾರಿಸಿ ಹೇಳುತ್ತೇನೆ.