ಹನ್ನೆರಡು ತಂತಿಯ ಗಿಟಾರ್ ಕಲಿಯಲು ಮೊದಲು ಬೆರಳು ಗಟ್ಟಿ ಮಾಡಿಕೊಳ್ಳಬೇಕಾ?

ಎರಡು ವರ್ಷದಿಂದ ಆರು ತಂತಿಯ ಗಿಟಾರ್ ನುಡಿಸುತ್ತಿದ್ದೀರಿ, ಹನ್ನೆರಡು ತಂತಿಯ ನಾದಕ್ಕೆ ಮನಸ್ಸು ಸೋತಿದೆ, ಆದರೆ ಬೆರಳಿಗೆ ಶಕ್ತಿ ಸಾಲದು, ಇನ್ನೊಂದು ವರ್ಷ ರಬ್ಬರ್ ಚೆಂಡು ಹಿಸುಕಿ ಆಮೇಲೆ ತಗೊಳ್ಳಲಾ ಅಂತ ಕೇಳಿದ್ದೀರಿ. ಚೆಂಡಿನ ಮಾತು ಓದಿದ ಕೂಡಲೇ ಉತ್ತರ ಬರೆಯಲೇಬೇಕು ಅನ್ನಿಸಿತು. ಆ ಚೆಂಡನ್ನು ನಾನೂ ಎರಡು ತಿಂಗಳು ಹಿಸುಕಿದ್ದೇನೆ. ಅಷ್ಟು ದಿನವೂ ನನ್ನ ಗಿಟಾರ್ ಕಣ್ಣೆದುರೇ ಹಾಳಾಗುತ್ತಿತ್ತು.

2009ರ ಏಪ್ರಿಲ್. ಆಗ ಧಾರವಾಡದಲ್ಲಿ ಓದುತ್ತಿದ್ದೆ. ಹುಬ್ಬಳ್ಳಿಯಲ್ಲಿ ಒಬ್ಬರು ಊರು ಬಿಟ್ಟು ಹೊರಟಿದ್ದರು. ಅವರ ಹಳೇ ಹನ್ನೆರಡು ತಂತಿಯ ಗಿಟಾರ್ 6,500 ರೂಪಾಯಿಗೆ ಸಿಕ್ಕಿತು. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ರೂಮಿನಲ್ಲಿ ಕೂತು ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಹೆಬ್ಬೆರಳಿನಿಂದ ಒಮ್ಮೆ ನಿಧಾನಕ್ಕೆ ಎಳೆದೆ. ಪಕ್ಕದ ರೂಮಿನ ಹುಡುಗ ಎದ್ದು ಬಂದು ಬಾಗಿಲಲ್ಲಿ ನಿಂತ. "ಏನಲೇ ಅದು, ಇನ್ನೊಮ್ಮೆ ಬಾರಸು" ಅಂದ. ಇನ್ನೊಮ್ಮೆ ಎಳೆದೆ. ನಾದ ನಿಲ್ಲುವವರೆಗೆ ಇಬ್ಬರೂ ಮಾತಾಡಲಿಲ್ಲ.

ಆ ನಾದ ಎಲ್ಲಿಂದ ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದಿನ ತಪ್ಪು ಆಗುತ್ತಲೇ ಇರಲಿಲ್ಲ. ಈ ಗಿಟಾರಿನಲ್ಲಿ ತಂತಿಗಳು ಆರು ಜೋಡಿಯಾಗಿರುತ್ತವೆ. ಮೊದಲನೇ ಮತ್ತು ಎರಡನೇ ಜೋಡಿಯಲ್ಲಿ ಎರಡೂ ತಂತಿ ಒಂದೇ ಸ್ವರ. ಉಳಿದ ನಾಲ್ಕು ಜೋಡಿ ಹಾಗಲ್ಲ. ಅಲ್ಲಿ ಒಂದು ದಪ್ಪ ತಂತಿ, ಅದರ ಪಕ್ಕ ಒಂದು ಸಪ್ತಕ ಮೇಲೆ ನುಡಿಯುವ ತೆಳು ತಂತಿ. ಮೂರನೇ ಜೋಡಿಯ ತೆಳು ತಂತಿಯಂತೂ ಮೊದಲನೇ ತಂತಿಗಿಂತ ಮೇಲಿನ ಸ್ವರದಲ್ಲಿರುತ್ತದೆ. ಇಡೀ ವಾದ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ನಡುವಿನಿಂದ ಬರುತ್ತದೆ. ನಮ್ಮನ್ನು ಹಿಡಿದು ನಿಲ್ಲಿಸುವ ಆ ಮಿನುಗು ಈ ನಾಲ್ಕು ತೆಳು ತಂತಿಗಳ ಕೆಲಸ.

ಈಗ ತಪ್ಪಿನ ಕಥೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮೂರಲ್ಲೂ ಹನ್ನೆರಡು ತಂತಿಯ ಸೆಟ್ ಸಿಗುವುದಿಲ್ಲ ಅಂತ ಬರೆದಿದ್ದೀರಿ.

ಮೇ ತಿಂಗಳಲ್ಲಿ ಎರಡು ತಂತಿ ಹರಿದವು. ಉಳಿದವಕ್ಕೂ ತುಕ್ಕು ಹಿಡಿದಿತ್ತು. ಅಂಗಡಿಯಲ್ಲಿ ಕೇಳಿದರೆ ಹನ್ನೆರಡರ ಸೆಟ್ ಬೆಂಗಳೂರಿನಿಂದ ಬರಬೇಕು, ಹದಿನೈದು ದಿನ ಆಗುತ್ತದೆ ಅಂದರು. ನನಗೆ ಅಷ್ಟು ದಿನ ಕಾಯಲು ಆಗಲಿಲ್ಲ. ಆರು ತಂತಿಯ ಸೆಟ್ ಅಲ್ಲೇ ಗೋಡೆಗೆ ನೇತಾಡುತ್ತಿತ್ತು. ಎರಡು ಪ್ಯಾಕೆಟ್ ತಗೊಂಡೆ. ಆರು ಮತ್ತು ಆರು ಹನ್ನೆರಡಾಯಿತಲ್ಲ ಅಂತ ನನ್ನ ಲೆಕ್ಕ.

ಇಲ್ಲಿ ಏನಾಯಿತು ನೋಡಿ. ಸಾಮಾನ್ಯ ಆರು ತಂತಿಯ ಲೈಟ್ ಸೆಟ್ಟು, ಅಂದರೆ ಮೊದಲ ತಂತಿಯ ದಪ್ಪ 12 (ಒಂದು ಇಂಚಿನ ಸಾವಿರದಲ್ಲಿ 12 ಪಾಲು) ಇರುವಂಥದ್ದು, ಪೂರ್ತಿ ಶ್ರುತಿಗೆ ಏರಿಸಿದಾಗ ಗಿಟಾರನ್ನು ಸುಮಾರು 74 ಕೆಜಿ ಬಲದಿಂದ ಎಳೆಯುತ್ತದೆ. ಹನ್ನೆರಡು ತಂತಿಗೆಂದೇ ಮಾಡಿದ ಲೈಟ್ ಸೆಟ್ಟು 10ರಿಂದ ಶುರುವಾಗುತ್ತದೆ, ಅದರಲ್ಲಿ ತೆಳು ತಂತಿಗಳೂ ಇವೆ. ಆದ್ದರಿಂದ ಒಟ್ಟು ಎಳೆತ 110 ಕೆಜಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಜಾಸ್ತಿ. ನಾನು ಎರಡು ದಪ್ಪ ಸೆಟ್ ಸೇರಿಸಿ ಸುಮಾರು 148 ಕೆಜಿಗೆ ಏರಿಸಿದ್ದೆ. ಅಷ್ಟೂ ಭಾರವನ್ನು ತಡೆಯುವುದು ಎರಡೂವರೆ ಮೂರು ಮಿಲಿಮೀಟರ್ ದಪ್ಪದ ಒಂದು ಹಲಗೆ, ಅದರ ಮೇಲೆ ಅಂಟಿಸಿದ ಬ್ರಿಡ್ಜ್, ಅಂದರೆ ತಂತಿಗಳ ಬುಡ ಹಿಡಿದಿಡುವ ಮರದ ತುಂಡು.

ಇನ್ನೊಂದೂ ಮಾಡಿದೆ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಗೆ ನಟ್ ಅನ್ನುತ್ತಾರೆ. ತೆಳು ತಂತಿಗೆಂದು ಕೊರೆದ ನಟ್‌ನ ಸೀಳಿನಲ್ಲಿ ದಪ್ಪ ತಂತಿ ಕೂರಲಿಲ್ಲ. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ತಂದು ಸೀಳನ್ನು ಅಗಲ ಮಾಡಿದೆ. ಒಮ್ಮೆ ಅಗಲವಾದ ಸೀಳು ಮತ್ತೆ ಕಿರಿದಾಗುವುದಿಲ್ಲ.

ಎಲ್ಲ ಮುಗಿಸಿ ನುಡಿಸಿದಾಗ ಆ ಮಿನುಗು ಇರಲಿಲ್ಲ. ಇರುವುದಾದರೂ ಹೇಗೆ? ಮೇಲಿನ ಸಪ್ತಕದ ತಂತಿ ಒಂದೂ ಇರಲಿಲ್ಲವಲ್ಲ. ಆದರೆ ನನಗೆ ಹೊಳೆದದ್ದು ಬೇರೆ. ನಾನು ಸರಿಯಾಗಿ ಒತ್ತುತ್ತಿಲ್ಲ, ನನ್ನ ಬೆರಳಿಗೆ ಶಕ್ತಿ ಇಲ್ಲ ಅಂದುಕೊಂಡೆ. ಚೆಂಡು ತಂದದ್ದು ಆಗ. ಬೆಳಿಗ್ಗೆ ನೂರು ಸಲ, ರಾತ್ರಿ ನೂರು ಸಲ. ವಿಚಿತ್ರ ಅಂದರೆ ದಿನ ಕಳೆದಂತೆ ಒತ್ತುವುದು ಇನ್ನೂ ಕಷ್ಟವಾಗುತ್ತಾ ಹೋಯಿತು. ಎಫ್ ಕಾರ್ಡ್ ಹಿಡಿದರೆ ಮಣಿಕಟ್ಟು ನಡುಗುತ್ತಿತ್ತು. ಇನ್ನೂ ಜಾಸ್ತಿ ಹಿಸುಕಿದೆ.

ಜುಲೈನಲ್ಲಿ ಧಾರವಾಡದ ಮಳೆ ಹಿಡಿಯಿತು. ಗೋಡೆಯೆಲ್ಲ ಥಂಡಿ. ಒಂದು ದಿನ ಒರೆಸುವಾಗ ಬಟ್ಟೆಯ ಎಳೆಯೊಂದು ಬ್ರಿಡ್ಜಿನ ಹಿಂದೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಬ್ರಿಡ್ಜಿನ ಹಿಂಬದಿ ಹಲಗೆ ಬಿಟ್ಟು ಎದ್ದಿತ್ತು. ಬಸ್ ಟಿಕೆಟ್ ತೂರಿಸಿದೆ, ಅರ್ಧ ಬೆರಳಿನಷ್ಟು ಒಳಗೆ ಹೋಯಿತು. ಸ್ಟೀಲ್ ಸ್ಕೇಲನ್ನು ಹಲಗೆಯ ಮೇಲೆ ಅಡ್ಡ ಇಟ್ಟರೆ ಆ ಕಡೆ ಈ ಕಡೆ ತೂಗಿತು. ಹಲಗೆಯ ಹೊಟ್ಟೆ ಉಬ್ಬಿತ್ತು. ಬ್ರಿಡ್ಜ್ ಮೇಲೆದ್ದಂತೆ ತಂತಿಗಳೂ ಕತ್ತಿನ ಮೇಲಿನ ಲೋಹದ ಪಟ್ಟಿಯಾದ ಫ್ರೆಟ್‌ನಿಂದ ದೂರ ಹೋಗುತ್ತಿದ್ದವು. ಎರಡು ತಿಂಗಳು ನನಗೆ ಕಷ್ಟ ಕೊಟ್ಟದ್ದು ಅದು. ಬೆರಳಿನ ದೋಷ ಏನೂ ಇರಲಿಲ್ಲ.

ಆ ಕ್ಷಣವೇ ತಂತಿ ಸಡಿಲಿಸಬೇಕಿತ್ತು. ಭಾನುವಾರ ಗೆಳೆಯನ ಮನೆಯಲ್ಲಿ ಹಾಡುವುದಿದೆ, ಆಮೇಲೆ ನೋಡೋಣ ಅಂತ ಬಿಟ್ಟೆ. ಶುಕ್ರವಾರ ರಾತ್ರಿ ಪಟಾಕಿಯಂತೆ ಸದ್ದಾಗಿ ಎದ್ದು ಕೂತೆ. ಬ್ರಿಡ್ಜ್ ಕಿತ್ತು ಬಂದು ತಂತಿಗೆ ಜೋತು ಬಿದ್ದಿತ್ತು. ಅದರ ಜೊತೆ ಹಲಗೆಯ ಸಿಬಿರೂ ಎದ್ದು ಬಂದಿತ್ತು.

ರಿಪೇರಿಗೆ ಮಹಾರಾಷ್ಟ್ರದ ಮಿರಜ್‌ಗೆ ಹೋದೆ. ಹುಬ್ಬಳ್ಳಿ ಕಡೆಯಿಂದ ಬೆಳಗಾವಿ ಮೇಲೆ ರೈಲು ನೇರ ಹೋಗುತ್ತದೆ. ನಮ್ಮ ಕಡೆ ಹಾಡುವವರ ಮನೆಯ ತಂಬೂರಿಗಳು ಜಾಸ್ತಿ ಅಲ್ಲಿಂದಲೇ ಬರುವುದು. ಒಬ್ಬ ವಯಸ್ಸಾದ ಕುಶಲಕರ್ಮಿ ಗಿಟಾರನ್ನು ತೊಡೆ ಮೇಲೆ ಮಲಗಿಸಿಕೊಂಡು ನೋಡಿದರು. ಇದು ತಮ್ಮ ಕೆಲಸ ಅಲ್ಲ, ಆದರೆ ಮರ ಮತ್ತು ಅಂಟು ಎರಡೂ ಗೊತ್ತು ಅಂದರು. ಎರಡು ದಿನ ಬಿಟ್ಟು ಬರಲು ಹೇಳಿದರು.

ತಿರುಗಿ ಹೋದಾಗ ಅವರು ಒಂದು ತಂಬೂರಿಯ ಶ್ರುತಿ ಕೂಡಿಸುತ್ತಿದ್ದರು. ತಂಬೂರಿಯ ನಡುವಿನ ಎರಡು ತಂತಿಗೆ ಜೋಡಿ ಅಂತಲೇ ಹೆಸರು, ಎರಡೂ ಒಂದೇ ಷಡ್ಜ. ನನ್ನನ್ನು ಹತ್ತಿರ ಕೂರಿಸಿಕೊಂಡು ಜೋಡಿ ಮೀಟಿದರು. ವಂಯ್, ವಂಯ್, ವಂಯ್ ಅಂತ ನಾದ ಅಲೆ ಅಲೆಯಾಗಿ ಬಂತು. ಬ್ರಿಡ್ಜಿನ ಕೆಳಗಿನ ಮಣಿಯನ್ನು ಉಗುರಿನಿಂದ ಕೂದಲೆಳೆಯಷ್ಟು ಜರುಗಿಸಿದರು. ಅಲೆ ನಿಧಾನವಾಯಿತು. ಇನ್ನಷ್ಟು ಜರುಗಿಸಿದರು. ವಂಯ್ ಅನ್ನುವುದು ಉದ್ದವಾಗಿ, ಇನ್ನೂ ಉದ್ದವಾಗಿ, ಆಮೇಲೆ ನಿಂತೇ ಹೋಯಿತು. ಎರಡು ತಂತಿ ಇವೆ ಅಂತ ಹೇಳಲಾಗದ ಹಾಗೆ ಒಂದೇ ನಾದ ಕೋಣೆ ತುಂಬಿತು.

"ತಂತಿ ಎಳೆದಷ್ಟೂ ನಾದ ಬರತೈತಿ ಅಂದ್ಕೊಂಡೀರಿ ನೀವು. ಇದನ್ನ ಮುಟ್ಟಿ ನೋಡ್ರಿ, ಎಷ್ಟು ಸಡಿಲ ಐತಿ" ಅಂದರು. ಮುಟ್ಟಿ ನೋಡಿದೆ. ನಿಜಕ್ಕೂ ಸಡಿಲ.

ಅವತ್ತು 2,800 ರೂಪಾಯಿ ಕೊಟ್ಟೆ. ಹೊಸ ನಟ್ ಮಾಡಿಸಲು ಮತ್ತೆ 600. ಹಲಗೆಯ ಮೇಲೆ ಬ್ರಿಡ್ಜಿನ ಹಿಂದೆ ಇವತ್ತಿಗೂ ಒಂದು ಬಿಳಿ ಗಾಯ ಇದೆ.

ಅವತ್ತಿನಿಂದ ಆ ಗಿಟಾರನ್ನು ಒಂದು ಸ್ವರ ಕೆಳಗೇ ಇಟ್ಟಿದ್ದೇನೆ. ಇ ಇರಬೇಕಾದಲ್ಲಿ ಡಿ, ಎ ಇರಬೇಕಾದಲ್ಲಿ ಜಿ, ಹೀಗೆ ಎಲ್ಲವೂ. ಅಷ್ಟಕ್ಕೇ ಎಳೆತ ಐದರಲ್ಲಿ ಒಂದು ಭಾಗ ಕಡಿಮೆಯಾಗುತ್ತದೆ. ಯಾರಾದರೂ ಮಾಮೂಲಿ ಶ್ರುತಿಯಲ್ಲಿ ಹಾಡಿದರೆ ಎರಡನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರಾಯಿತು. ಇದನ್ನು ಅಡ್ಡದಾರಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಮೆರಿಕದ ಲೆಡ್ ಬೆಲ್ಲಿ ಹನ್ನೆರಡು ತಂತಿಯ ರಾಜ ಅನ್ನಿಸಿಕೊಂಡ ಹಾಡುಗಾರ. ಅವರು ತಮ್ಮ ಗಿಟಾರನ್ನು ಇದಕ್ಕಿಂತಲೂ ಎಷ್ಟೋ ಕೆಳಗೆ ಇಳಿಸಿ ನುಡಿಸುತ್ತಿದ್ದರು. ಆ ಗುಡುಗಿನಂಥ ಕೆಳಸ್ವರ ಅಲ್ಲಿಂದಲೇ ಬಂದದ್ದು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಸ್ವರ ಇಳಿಸಿ, 10ರ ಸೆಟ್ ಹಾಕಿ, ನಟ್ ಮತ್ತು ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ) ಸರಿಯಾದ ಎತ್ತರಕ್ಕೆ ಮಾಡಿಸಿದ ಗಿಟಾರ್ ನಿಮ್ಮ ಈಗಿನ ಬೆರಳಿಗೇ ಬಗ್ಗುತ್ತದೆ. ಎರಡು ವರ್ಷ ನುಡಿಸಿದ ಬೆರಳು ಧಾರಾಳ ಸಾಕು. ಬದಲಾಗಬೇಕಾದದ್ದು ಒತ್ತುವ ರೀತಿ. ಬೆರಳಿನ ತುದಿಯನ್ನು ನೆಟ್ಟಗೆ ಇಟ್ಟರೆ ಜೋಡಿಯ ಒಂದು ತಂತಿ ಮಾತ್ರ ಸಿಗುತ್ತದೆ, ಇನ್ನೊಂದು ಜಾರುತ್ತದೆ. ಸ್ವಲ್ಪ ಮಲಗಿಸಿ, ಎರಡರ ಮೇಲೂ ತುದಿಯ ಮಾಂಸ ಬೀಳಬೇಕು. ಫ್ರೆಟ್‌ಗೆ ಆದಷ್ಟು ಹತ್ತಿರ ಒತ್ತಿ. ಒಂದು ವಾರ ಬೆರಳು ಗೊಂದಲಪಡುತ್ತದೆ, ಆಮೇಲೆ ತಾನಾಗೇ ಜಾಗ ಹುಡುಕಿಕೊಳ್ಳುತ್ತದೆ.

ಕಷ್ಟ ಇರುವುದು ಕಿವಿಗೆ. ಹನ್ನೆರಡು ತಂತಿಯ ಶ್ರುತಿ ಕೂಡಿಸಲು ಮೊದಮೊದಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಶ್ರುತಿ ತೋರಿಸುವ ಟ್ಯೂನರ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಟ್ಯೂನರ್‌ನಿಂದ ಜೋಡಿಯ ಒಂದು ತಂತಿಯನ್ನು ಮಾತ್ರ ಕೂಡಿಸಿ, ಇನ್ನೊಂದನ್ನು ಅದಕ್ಕೆ ಕಿವಿಯಿಂದಲೇ ಸೇರಿಸಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಸ್ವರ ಮೀರಿ ಮೇಲೆ ಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ, ಇಲ್ಲದಿದ್ದರೆ ಐದು ನಿಮಿಷಕ್ಕೆ ಜಾರುತ್ತದೆ. ಆರೂ ಜೋಡಿ ಮುಗಿದ ಮೇಲೆ ಇನ್ನೊಂದು ಸುತ್ತು ಬರಬೇಕು. ಕೊನೆಯ ತಂತಿ ಬಿಗಿಯುವಾಗ ಕತ್ತು ಕೂದಲೆಳೆಯಷ್ಟು ಬಾಗಿ ಮೊದಲನೆಯವು ಇಳಿದಿರುತ್ತವೆ. ನನಗೆ ಈಗ ಈ ಕೆಲಸವೇ ಇಷ್ಟ. ಬೆಳಿಗ್ಗೆ ಚಹಾ ಆರುವವರೆಗೆ ಅಲೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಕೂರುತ್ತೇನೆ.

ಮೂರನೇ ಜೋಡಿಯ ತೆಳು ತಂತಿ ಮಾತ್ರ ಪದೇ ಪದೇ ಹರಿಯುತ್ತದೆ. ಅದು ಕೇವಲ 8 ಅಥವಾ 9ರ ತಂತಿ, ಅಂದರೆ ಒಂದು ಇಂಚಿನ ಸಾವಿರದಲ್ಲಿ ಎಂಟೊಂಬತ್ತು ಪಾಲು ದಪ್ಪ. ಅದಕ್ಕಾಗಿ ಪೂರ್ತಿ ಸೆಟ್ ತರಿಸಬೇಡಿ. ಎಲೆಕ್ಟ್ರಿಕ್ ಗಿಟಾರಿನ 9ರ ಸೆಟ್ಟಿನಲ್ಲಿರುವ ಮೊದಲನೇ ತಂತಿ ಅಲ್ಲಿಗೆ ಸರಿಹೋಗುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ನಾಲ್ಕು ತಂದು ಬ್ಯಾಗಿನಲ್ಲಿ ಇಡಿ. ಪೂರ್ತಿ ಸೆಟ್ ಬೇಕಾದಾಗ ಆನ್‌ಲೈನಿನಲ್ಲಿ ತರಿಸಿ, ಬರುವವರೆಗೆ ಕಾಯಿರಿ. ಎರಡು ಆರರ ಪ್ಯಾಕೆಟ್ ಮಾತ್ರ ಬೇಡ, ಯಾರು ಹೇಳಿದರೂ ಬೇಡ.

ನುಡಿಸುವುದರ ಬಗ್ಗೆ ಒಂದು ಮಾತು. ಆರು ತಂತಿಯಲ್ಲಿ ಬಡಿದಂತೆ ಇದರಲ್ಲಿ ಬಡಿಯಬೇಡಿ, ಎಲ್ಲ ಕಲಸಿಹೋಗುತ್ತದೆ. ತೆಳುವಾದ ಪಿಕ್ ಹಿಡಿಯಿರಿ, ಇಲ್ಲವೇ ಬರಿ ಬೆರಳು. ಅಕೂಸ್ಟಿಕ್‌ನಲ್ಲಿ ತೆಳು ತಂತಿ ಸಾಮಾನ್ಯವಾಗಿ ಜೋಡಿಯ ಮೇಲ್ಗಡೆ ಇರುತ್ತದೆ. ಹೆಬ್ಬೆರಳು ಕೆಳಕ್ಕೆ ಬಂದಾಗ ಮೊದಲು ಮೇಲಿನ ಸಪ್ತಕ ಮಿಂಚಿ, ಅದರ ಬೆನ್ನಿಗೇ ದಪ್ಪ ಸ್ವರ ಬರುತ್ತದೆ. ಇದನ್ನು ಕೇಳಿಸಿಕೊಳ್ಳುವಷ್ಟು ನಿಧಾನಕ್ಕೆ ನುಡಿಸಿ. ನಾನು ಶುರು ಮಾಡಿದ್ದು ತತ್ವಪದಗಳಿಂದ. ಏಕತಾರಿಯ ಜಾಗದಲ್ಲಿ ಕೆಳಸ್ವರದ ಎರಡು ಜೋಡಿಯನ್ನು ಬಿಟ್ಟು ಬಿಟ್ಟು ಮೀಟುವುದು, ಮೇಲೆ ಎರಡೇ ಕಾರ್ಡು. ಅಷ್ಟಕ್ಕೇ ನಮ್ಮಮ್ಮ ಅಡುಗೆಮನೆಯಿಂದ ಹಾಡಲು ಶುರು ಮಾಡಿದರು.

ಹಳೆಯದನ್ನು ಕೊಳ್ಳುವುದಾದರೆ ಬಸ್ ಟಿಕೆಟ್ ಜೇಬಿನಲ್ಲಿರಲಿ. ಬ್ರಿಡ್ಜಿನ ಹಿಂದೆ ತೂರಿದರೆ ಎದ್ದು ಬನ್ನಿ, ಬೆಲೆ ಎಷ್ಟೇ ಕಡಿಮೆ ಇರಲಿ. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಜಾಗ ಇದ್ದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆರು ತಂತಿಯದನ್ನು ಮಾರಬೇಡಿ, ಎರಡೂ ಬೇಕಾಗುತ್ತವೆ.

ಚೆಂಡು ಪಕ್ಕಕ್ಕಿಟ್ಟು ಇವತ್ತು ರಾತ್ರಿ ನಿಮ್ಮ ಆರು ತಂತಿಯಲ್ಲೇ ಒಂದು ಮಾಡಿ ನೋಡಿ. ಎರಡನೇ ತಂತಿಯನ್ನು ಸ್ವಲ್ಪ ಇಳಿಸಿ. ಮೂರನೇ ತಂತಿಯನ್ನು ನಾಲ್ಕನೇ ಫ್ರೆಟ್‌ನಲ್ಲಿ ಒತ್ತಿ ಎರಡನ್ನೂ ಒಟ್ಟಿಗೆ ಮೀಟಿ. ಅಲೆ ಕೇಳಿಸುತ್ತದೆ. ಟ್ಯೂನರ್ ಮುಟ್ಟದೆ ಎರಡನೇ ತಂತಿಯನ್ನು ನಿಧಾನಕ್ಕೆ ಏರಿಸುತ್ತಾ ಆ ಅಲೆಯನ್ನು ನಿಲ್ಲಿಸಿ. ನಿಂತಿತು ಅಂತ ನಿಮಗೇ ಗೊತ್ತಾದರೆ ಒಂದು ವರ್ಷ ಕಾಯಬೇಡಿ, ಮುಂದಿನ ಸಂಬಳಕ್ಕೇ ತಗೊಳ್ಳಿ.