ಕುಲಸಚಿವೆ ಆಗಲಾ, ಬೇಡ್ವಾ?

ಪ್ರಶ್ನೆ: ನನಗೆ 52 ವರ್ಷ. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಆರು ವರ್ಷದಿಂದ ಪ್ರೊಫೆಸರ್. ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವೆಯಾಗಿ (ರಿಜಿಸ್ಟ್ರಾರ್) ಪ್ರಭಾರ ವಹಿಸಿಕೊಳ್ಳಿ ಎಂದು ಕುಲಪತಿಗಳು ಕೇಳಿದ್ದಾರೆ. ಹಿಂದಿನವರು ಎಂಟೇ ತಿಂಗಳಿಗೆ ಬಿಟ್ಟರು. ಫಲಿತಾಂಶ ತಡವಾಗಿ ಹುಡುಗರು ಧರಣಿ ಕೂತಿದ್ದರು. ಮಗಳು ಸೆಕೆಂಡ್ ಪಿಯುಸಿ, ಅತ್ತೆಗೆ ಮಂಡಿ ನೋವು. ಯಜಮಾನರು "ನಿನ್ನಿಷ್ಟ" ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ "ಲೇಡಿ ಅಂತ ಕೊಡ್ತಿದ್ದಾರೆ" ಎಂಬ ಮಾತು. ಈಗ ಬೇಡ ಎಂದರೆ ಮತ್ತೆ ಕೇಳುತ್ತಾರಾ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ಮತ್ತೆ ಕೇಳುವುದು ಅನುಮಾನ. ಗಂಡಸರು ಬೇಡ ಎಂದರೆ "ಸರ್ ಈಗ ಬಿಜಿ" ಎನ್ನುತ್ತಾರೆ, ನಾವು ಬೇಡ ಎಂದರೆ "ಮೇಡಂಗೆ ಇಂಟರೆಸ್ಟ್ ಇಲ್ಲ" ಎಂದು ಮನಸ್ಸಲ್ಲೇ ಬರೆದಿಟ್ಟುಕೊಳ್ಳುತ್ತಾರೆ. ಹಾಗಂತ ಹೆದರಿ ಒಪ್ಪಿಕೊಳ್ಳಿ ಅಂತಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅತ್ತೆಯವರ ಮಂಡಿಯಲ್ಲ, ನೀವು ಸುಮ್ನೆ ಬರೆದು ಮುಂದೆ ಹೋದ "ಪ್ರಭಾರ" ಎಂಬ ಪದ. ಕುಲಸಚಿವರನ್ನು ನೇಮಿಸಬೇಕಾದ್ದು ಸರ್ಕಾರ. ಆ ಆದೇಶ ಬರುವವರೆಗೆ ನೀವು ಕೂತಿರಿ ಎನ್ನುವುದು ಪ್ರಭಾರ, ಅಂದರೆ ಬೈಗುಳ ಪೂರ್ತಿ ನಿಮ್ಮದು, ಕುರ್ಚಿ ಮಾತ್ರ ಯಾವಾಗ ಬೇಕಾದರೂ ವಾಪಸ್. ಎಲ್ಲ ಸರಿಯಿದ್ದಾಗ ಆ ಕುರ್ಚಿಗೆ ನೂಕುನುಗ್ಗಲು, ಅದರ ಕಾಲು ಮುರಿದ ಮೇಲೆ "ಮೇಡಂ ಬನ್ನಿ, ಕೂತ್ಕೊಳ್ಳಿ". ನಾನೂ ಹಾಗೆ ಕೂತವಳೇ. ಹಾಸ್ಟೆಲ್ ವಾರ್ಡನ್, ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕೆಲಸದ ಸಮಿತಿ, ಮಹಿಳಾ ದೂರು ಸಮಿತಿ, ರಾತ್ರಿ ಕೂತು ಮಾಡುವ ಕೆಲಸವೆಲ್ಲ ನನಗೆ ಬಂತು, ಸಹಿ ಹಾಕುವ ಕೆಲಸ ಬರಲಿಲ್ಲ.

ಆದ್ದರಿಂದ ಒಪ್ಪುವ ಮೊದಲು ಕುಲಪತಿಗಳ ಮುಂದೆ ಕೂತು ಮಾತಾಡಿ. ಪ್ರಭಾರ ಎಷ್ಟು ತಿಂಗಳು, ಪೂರ್ಣ ನೇಮಕಕ್ಕೆ ನಿಮ್ಮ ಹೆಸರು ಸರ್ಕಾರಕ್ಕೆ ಹೋಗುತ್ತಾ ಎಂದು ಕೇಳಿ. ಎಷ್ಟು ಸೆಮಿಸ್ಟರ್‌ನ ಫಲಿತಾಂಶ ಬಾಕಿ, ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ) ಅಂಕ ಏರಿಸುವುದು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ವಿಭಾಗದಲ್ಲಿ ಕಾಯಂ ನೌಕರರು ಎಷ್ಟು ಜನ, ಮೌಲ್ಯಮಾಪಕರಿಗೆ ಭತ್ಯೆ ಕೊಟ್ಟಾಗಿದೆಯಾ ಎಂದೂ ಕೇಳಿ. ಭತ್ಯೆ ಬಾಕಿ ಇದ್ದರೆ ಪೇಪರ್ ತಿದ್ದಲು ಯಾರೂ ಬರಲ್ಲ, ನೀವು ಎಷ್ಟೇ ಕೈಮುಗಿದರೂ. ನಿಮ್ಮ ಪಿಎಚ್‌ಡಿ ಹುಡುಗರ ಕಥೆ ಏನು ಎಂಬುದನ್ನೂ ಬಿಡಬೇಡಿ. ಒಪ್ಪಿದ್ದೆಲ್ಲ ಆದೇಶದಲ್ಲಿ ಬರಲಿ. ಅದಕ್ಕೆ ಅವರು ಹಿಂದೆ ಮುಂದೆ ನೋಡಿದರೆ ಧೈರ್ಯವಾಗಿ ಬೇಡ ಎನ್ನಿ. ಒಪ್ಪಿದರೆ, ನನ್ನ ಮಟ್ಟಿಗೆ, ನೀವು ಹೋಗಲೇಬೇಕು.

ಯಾಕೆ ಅಂತೀರಾ? ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಂತೆ ಕುಲಪತಿಯಾಗಲು ಸಾಮಾನ್ಯವಾಗಿ ಹತ್ತು ವರ್ಷ ಪ್ರೊಫೆಸರ್ ಆಗಿರಬೇಕು, ಜೊತೆಗೆ ಮುಂದೆ ನಿಂತು ನಡೆಸಿದ್ದಕ್ಕೆ ಪುರಾವೆ ಬೇಕು. ಹೆರಿಗೆ, ಮಕ್ಕಳು, ತಡವಾದ ಪಿಎಚ್‌ಡಿ ಎಂದು ನಮ್ಮಲ್ಲಿ ತುಂಬಾ ಜನ ಪ್ರೊಫೆಸರ್ ಆಗುವಾಗಲೇ ಐವತ್ತು ಹತ್ತಿರವಾಗಿರುತ್ತದೆ. ನಿಮಗೆ ಹತ್ತು ವರ್ಷ ತುಂಬುವಾಗ 56. ಆಗ ತೋರಿಸಲು ಪರೀಕ್ಷೆ ವಿಭಾಗ ನಡೆಸಿದ ಅನುಭವ ಇದ್ದರೆ ಅದರ ತೂಕವೇ ಬೇರೆ. ಕುಲಪತಿ ಆಗುವ ಆಸೆ ಇದೆ ಎಂದು ನೀವು ಬರೆದಿಲ್ಲ, ಆದರೆ "ಮತ್ತೆ ಕೇಳುತ್ತಾರಾ" ಎನ್ನುವವರಿಗೆ ಆಸೆ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಇನ್ನು "ಲೇಡಿ ಅಂತ ಕೊಡ್ತಿದ್ದಾರೆ" ಎನ್ನುವ ಮಾತು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ, ಸೆಲ್ವಿ ದಾಸ್ ಅವರು ಅಲ್ಲಿ ಮೊದಲ ಮಹಿಳಾ ಕುಲಪತಿಯಾಗಿದ್ದು 1988ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮಲ್ಲಿಕಾ ಘಂಟಿಯವರು ಬಂದಿದ್ದು 2015ರಲ್ಲಿ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕಂತೂ ನೂರು ವರ್ಷ ದಾಟಿ, 2024ರಲ್ಲಿ ಮೊದಲ ಮಹಿಳಾ ಕುಲಪತಿ, ನಯೀಮಾ ಖಾತೂನ್. ಅದಕ್ಕೂ ಮೊದಲು ಅಷ್ಟು ವರ್ಷ ಯಾರನ್ನಾದರೂ "ಗಂಡಸು ಅಂತ ಕೊಟ್ಟರು" ಎಂದಿದ್ದು ನೀವು ಕೇಳಿದ್ದೀರಾ? ಆಡಿಕೊಳ್ಳಲಿ ಬಿಡಿ. ನೀವು ಮೊದಲನೇ ಫಲಿತಾಂಶ ಟೈಮಿಗೆ ಕೊಟ್ಟರೆ ಅವರು ಬೇರೆ ವಿಷಯ ಹುಡುಕಿಕೊಳ್ಳುತ್ತಾರೆ.

ಮನೆ ವಿಷಯ. "ನಿನ್ನಿಷ್ಟ" ಎನ್ನುವುದು ಒಪ್ಪಿಗೆ ಅಲ್ಲ, ಜಾರಿಕೊಳ್ಳುವುದು. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಯಾವ ದಿನ ನಿಮ್ಮ ಪಾಲು ಎಂದು ಯಜಮಾನರನ್ನು ಕೇಳಿ. ಅಡುಗೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಅತ್ತೆ ಎರಡು ವಾರ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಪತ್ರದಲ್ಲಿ ಎಲ್ಲರ ಮಾತೂ ಇದೆ, ಮಗಳದ್ದು ಮಾತ್ರ ಇಲ್ಲ. ಅವಳನ್ನು ಕೇಳಿದ್ರಾ? ಸಿಇಟಿ ಮುಗಿಯಲಿ ಎಂದು ಅವಳಿಗೆ ಅನಿಸಿದರೆ, ಆಮೇಲೆ ಚಾರ್ಜ್ ತೆಗೆದುಕೊಳ್ಳುತ್ತೇನೆ ಎಂದು ಕುಲಪತಿಗಳನ್ನು ಕೇಳಿ ನೋಡಿ.

ಕುಲಪತಿಗಳ ಹತ್ತಿರ ಹೋಗುವಾಗ ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಟೀ ತರಿಸಿ, "ನಿಮ್ಮಂಥವರೇ ಬೇಕು ಮೇಡಂ" ಎಂದು ಮಾತು ಮರೆಸುತ್ತಾರೆ.