ದರೋಜಿ ಕರಡಿಧಾಮದ ಪಕ್ಕ ಪೈಪ್‌ಲೈನ್: ಪರ್ಮಿಷನ್ ಪರಿಶೀಲಿಸುವುದು ಹೇಗೆ

ದರೋಜಿ ಕರಡಿಧಾಮದ ಅಂಚಿನಲ್ಲಿ ತೈಲ ಕಂಪನಿ ಪೈಪ್‌ಲೈನಿಗೆ ಟ್ರೆಂಚ್ ತೋಡುತ್ತಿದೆ, "ಎಲ್ಲ ಪರ್ಮಿಷನ್ ಇದೆ" ಅಂತಾರೆ, ನಂಬಬಹುದಾ ಎಂದು ಕೇಳಿದ್ದೀರಿ. ಬಾಯಿಮಾತು ಬಿಡಿ, ಸರ್ವೆ ನಂಬರಿನಿಂದ ಶುರು ಮಾಡಿ. ಕೆಲಸ ನಡೆಯುವ ಜಮೀನು ಅಭಯಾರಣ್ಯದ ಒಳಗಿದೆಯೋ, ಅದರ ಸುತ್ತ ಗುರುತಿಸಿದ ಪರಿಸರ ಸೂಕ್ಷ್ಮ ವಲಯದಲ್ಲಿದೆಯೋ ಎಂಬುದನ್ನು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಅಭಯಾರಣ್ಯದೊಳಗೆ ಹಾದುಹೋಗುವ ತೈಲ ಪೈಪ್‌ಲೈನಿಗೆ 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ವನ್ಯಜೀವಿ ಅನುಮತಿ ಬೇರೆಯೇ. ಒಂದರ ಕಾಗದ ತೋರಿಸಿದರೆ ಇನ್ನೊಂದೂ ಇದೆ ಎಂದರ್ಥವಲ್ಲ.

ಪರಿಸರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಜಾಲತಾಣವಾದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ರಾಜ್ಯದ ಕಚೇರಿಗಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಲವರ ಅರ್ಜಿ ವಾಪಸ್ ಬರುವುದು ಇಲ್ಲೇ.

ವರದಿಯಲ್ಲಿ "ಪಾಲಿಸಲಾಗಿದೆ" ಎಂದಷ್ಟೇ ಇದ್ದರೆ ಸ್ಥಳಕ್ಕೆ ಹೋಗಿ ತಾಳೆ ನೋಡಿ. ಕರಡಿ ಓಡಾಡುವುದು ಮುಸ್ಸಂಜೆಯಿಂದ. ಸಂಜೆ ತೆರೆದೇ ಬಿಟ್ಟ ಟ್ರೆಂಚಿಗೆ ಹತ್ತಿ ಬರಲು ಮಣ್ಣಿನ ಇಳಿಜಾರು ಇಲ್ಲದಿದ್ದರೆ ಬಿದ್ದ ಪ್ರಾಣಿ ಅಲ್ಲೇ ಉಳಿಯುತ್ತದೆ. ಪೈಪಿನ ಬಾಯಿಗೆ ಮುಚ್ಚಳ ಇದೆಯೇ? ಒತ್ತಡ ಪರೀಕ್ಷೆಯ ನೀರನ್ನು ತುಕ್ಕುನಿರೋಧಕ ರಾಸಾಯನಿಕದ ಸಮೇತ ಹಳ್ಳಕ್ಕೆ ಬಿಡುತ್ತಿದ್ದಾರೆಯೇ? ದಿನಾಂಕ, ಜಿಪಿಎಸ್ ಬೀಳುವ ಫೋಟೋ ತೆಗೆಯಿರಿ. ಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ, ಕೇಸು ನಿಮ್ಮ ಮೇಲೇ ಬೀಳುತ್ತದೆ.

ದೂರನ್ನು ಡಿಸಿಎಫ್‌ಗೆ, ಬಳ್ಳಾರಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರಕ್ಕೆಂದು ಕಾಯುತ್ತಾ ಕೂರಬೇಡಿ: ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಅದರ ಕಾಯ್ದೆಯ ಸೆಕ್ಷನ್ 14ರಡಿ ಹೋಗಲು ಆರೇ ತಿಂಗಳು, ಸಕಾರಣವಿದ್ದರೆ ಮತ್ತೆ 60 ದಿನ.